ಛೀ ಅಕ್ಕ ಗುರುತಿಸಿದ ಏಡಿಜೇಡಗಳು

ಹೂವು ವಿಂಗಡಿಸುವ ಶೆಡ್ಡಿನಲ್ಲಿ ಅವಳಿಗೆ ಛೀ ಅಕ್ಕ ಎಂದೇ ಹೆಸರು. ಕೊಳೆತ ದಂಟಿನ ನಾತ, ಎರಡು ದಿನ ತೊಳೆಯದ ಬಕೆಟ್ಟು, ಬಾಯಿ ಚಪ್ಪರಿಸಿ ತಿನ್ನುವವರು, ಎಲ್ಲಕ್ಕೂ ಅವಳದು ಅದೊಂದೇ ಮಾತು. ಆದರೆ ಅವಳು ನಿಜವಾಗಿ ಮಾರು ದೂರ ಹಾರುತ್ತಿದ್ದದ್ದು ಹೂವಲ್ಲಿ ಅಡಗುವ ಏಡಿಜೇಡ ಕಂಡರೆ.

ಕೆಲಸಕ್ಕೆ ಸೇರಿದ ಮೊದಲ ವಾರ ಬಿಳಿ ಸೇವಂತಿಗೆಯ ಕಟ್ಟೊಂದನ್ನು ಎತ್ತಿ ಆಸೆಯಿಂದ ಮೂಸಿದ್ದಳು. ಎಸಳು ಅಂದುಕೊಂಡದ್ದು ತುಟಿಯ ಮೇಲೆ ನಡೆದುಬಿಟ್ಟಿತು, ಅಡ್ಡಡ್ಡ. ಅಂದಿನಿಂದ ಹದಿನೆಂಟು ವರ್ಷ ಅವಳು ಒಂದು ಹೂವನ್ನೂ ಮೂಸಲಿಲ್ಲ.

ಎಲ್ಲಿರುತ್ತದೆ ಎಂದು ಗೊತ್ತಿದ್ದರೆ ತಾನೇ ಕೈ ದೂರ ಇಡುವುದು? ಹಾಗಾಗಿ ಹುಡುಕಿ ಹುಡುಕಿ ನೋಡತೊಡಗಿದಳು. ಏಡಿಜೇಡ ಬೇಟೆಗೆ ಬಲೆ ಕಟ್ಟುವುದಿಲ್ಲ, ಹೂವಲ್ಲೇ ಹೊಂಚು ಹಾಕುತ್ತದೆ. ಮುಂದಿನ ಎರಡು ಜೊತೆ ಕಾಲು ಉದ್ದ, ಅಪ್ಪಿಕೊಳ್ಳಲು ಬಂದ ನೆಂಟರ ಹಾಗೆ ಅಗಲಿಸಿಕೊಂಡಿರುತ್ತವೆ. ಬಿಳಿ ಹೂವಲ್ಲಿದ್ದ ಕೆಲವು, ಹಳದಿ ಹೂವಿಗೆ ಹೋದರೆ ನಿಧಾನಕ್ಕೆ ತಾವೂ ಹಳದಿಯಾಗುತ್ತವೆ. ಜೇನುನೊಣದ ಕತ್ತು ಹಿಡಿದು ಒಳಗಿನದೆಲ್ಲ ಹೀರಿ, ಸಿಪ್ಪೆ ಮಾತ್ರ ಹಾಗೇ ಬಿಡುತ್ತವೆ. ಇದನ್ನೆಲ್ಲ ಊಟದ ಹೊತ್ತಿಗೆ ಹೇಳಲು ಶುರುಮಾಡಿದರೆ ಅವಳ ಗಂಡ ತಟ್ಟೆ ಎತ್ತಿಕೊಂಡು ಹೊರಗಿನ ಮೆಟ್ಟಿಲಿಗೆ ಹೋಗುತ್ತಿದ್ದ.

ಒಂದು ವರ್ಷ ದೂರದ ಅಂಗಡಿಯವರು, ಪೆಟ್ಟಿಗೆಯಲ್ಲಿ ಜೀವಂತ ಜೇಡ ಸಿಕ್ಕಿತೆಂದು ಹೂವನ್ನೆಲ್ಲ ವಾಪಸು ಕಳಿಸಿದರು. ಮೇಸ್ತ್ರಿ ಮೂರು ಪಟ್ಟು ಔಷಧಿ ಹೊಡೆಸಿದ. ವಿಂಗಡಿಸುವ ಹೆಂಗಸರ ಕೈ ಕೆಂಪಗೆ ಊದಿ ಬೊಬ್ಬೆ ಎದ್ದವು. ಜೇಡ ಮಾತ್ರ ಮುಗಿಯಲಿಲ್ಲ. ಕೊನೆಗೆ ಮಾಲೀಕರು ಜೇಡಗಳ ಬಗ್ಗೆಯೇ ಓದಿಕೊಂಡ ಕಾಲೇಜು ಟೀಚರಮ್ಮನನ್ನು ಕರೆಸಿದರು.

ಮೇಸ್ತ್ರಿ ಎದೆಯುಬ್ಬಿಸಿ ಕಂಬದ ಮೇಲಿದ್ದ ಗಿಡ್ಡ ಜೇಡವೊಂದನ್ನು ತೋರಿಸಿದ. “ನೋಡಿ ಮೇಡಂ, ಇದೇ ಏಡಿಜೇಡ.”

ಛೀ ಅಕ್ಕನಿಗೆ ತಡೆಯಲಾಗಲಿಲ್ಲ. “ಅದು ನೆಗೆಯೋ ಜೇಡ ಕಣಯ್ಯ. ಮುಂದೆ ಎರಡು ಕಣ್ಣು ಗಾಡಿ ದೀಪದ ಥರ ದಪ್ಪಗಿದೆ. ಏಡಿಜೇಡಕ್ಕೆ ಎಂಟು ಕಣ್ಣೂ ಚಿಕ್ಕ ಚುಕ್ಕಿ. ಕಾಲು ನೋಡು, ಕಾಲು!”

“ನಿಮಗೆ ಹೇಗೆ ಗೊತ್ತು?” ಟೀಚರಮ್ಮ ತಿರುಗಿದರು.

“ಹೇಸಿಗೆಯಿಂದ.”

ಆ ಮಧ್ಯಾಹ್ನ ಕರವಸ್ತ್ರ ಮೂಗಿಗೊತ್ತಿಕೊಂಡು ತೋಟವಿಡೀ ತೋರಿಸಿದಳು. ಪಾತಿಯ ಹೂವುಗಳಲ್ಲಿ ದಪ್ಪ ಹೊಟ್ಟೆಯ ಬಿಳಿ ಹೆಣ್ಣುಜೇಡಗಳು. ಬೇಲಿಯ ಹುಲ್ಲಿನಲ್ಲಿ ಕಡ್ಡಿಗೆ ಕಡ್ಡಿಯಾಗಿ ಅಂಟಿಕೊಂಡ ತೆಳ್ಳನೆಯವು. ಮರದ ತೊಗಟೆಯ ಮೇಲೆ ಕಂದು, ಚಪ್ಪಟೆ. ಮಡಚಿದ ಎಲೆಯೊಳಗೆ ಮೊಟ್ಟೆಚೀಲ ಕಾಯುತ್ತ ಬಡಕಲಾದ ತಾಯಿಯೊಂದು.

“ಪಾಪ ಅನ್ಸಲ್ವಾ?” ಟೀಚರಮ್ಮ ಕೇಳಿದರು.

“ಇಲ್ಲ. ವಾಕರಿಕೆ ಬರತ್ತೆ.”

ಟೀಚರಮ್ಮ ನಕ್ಕು ಎಲ್ಲದರ ಫೋಟೋ ತೆಗೆದರು. ಅವಳು ಹೇಳಿದ ಗುರುತುಗಳನ್ನೆಲ್ಲ ಬರೆದುಕೊಂಡರು. ಇವು ಮನುಷ್ಯರಿಗೆ ಅಪಾಯ ಮಾಡುವುದಿಲ್ಲ, ಪಾತಿಯಲ್ಲೇ ಹೂವು ಕೊಡವಿ ಜೇಡಗಳನ್ನು ಬೇಲಿಯಾಚೆ ಬಿಡಿ, ಔಷಧಿ ನಿಲ್ಲಿಸಿ ಎಂದು ಮಾಲೀಕರಿಗೆ ತಿಳಿಸಿ, ಗೋಡೆಗೆ ಹಾಕಲೆಂದು ಆ ಫೋಟೋ, ಗುರುತುಗಳ ಒಂದು ಪಟವನ್ನೂ ಕಳಿಸಿದರು.

ಪಟ ಮೊದಲು ಸಿಕ್ಕಿದ್ದು ಮೇಸ್ತ್ರಿಯ ಕೈಗೆ. ಅವನು ಅದನ್ನು ಹೊಸದಾಗಿ ಅಚ್ಚು ಹಾಕಿಸಿ ಗೋಡೆಗೆ ಬಡಿದ. ಕೆಳಗೆ ಅವಳ ಹೆಸರಿದ್ದ ಕಡೆ ದಪ್ಪಕ್ಷರದಲ್ಲಿ ಅವನ ಹೆಸರು. ಮಾತು ಮಾತೂ ಅವಳವೇ. ಮಧ್ಯದಲ್ಲಿ, ಅವನೇ ತುರುಕಿದ ಆ ನೆಗೆಯುವ ಜೇಡ!

ಯಾರದೋ ಎಂಜಲು ಲೋಟದಲ್ಲಿ ಕುಡಿದ ಹಾಗಾಯಿತು ಅವಳಿಗೆ. ಪೆಟ್ಟಿಗೆಗೆ ಗುರುತು ಹಾಕುವ ಮಾರ್ಕರ್ ತಂದು ಮೊದಲು ಆ ಜೇಡಕ್ಕೆ, ಆಮೇಲೆ ಆ ಹೆಸರಿಗೆ ಗೀಟು ಎಳೆದಳು.

“ಏಯ್, ತಲೆ ಕೆಟ್ಟಿದೆಯಾ?” ಮೇಸ್ತ್ರಿ ಓಡಿ ಬಂದ.

“ಜೇಡ ಆದ್ರೂ ತನ್ನ ಬಣ್ಣ ತಾನೇ ಮಾಡ್ಕೊಳ್ಳತ್ತೆ. ನೀನು ಕದ್ದು ಬಳ್ಕೊಂಡಿದ್ದೀಯ. ಥೂ!”

ಶೆಡ್ಡಿಗೆ ಶೆಡ್ಡೇ ನಕ್ಕಿತು. ಅವನು ದೂರು ಒಯ್ದ, ಮಾಲೀಕರು ಟೀಚರಮ್ಮನಿಗೆ ಫೋನ್ ಮಾಡಿದರು, ನಿಜ ಹೊರಬಿತ್ತು. ಔಷಧಿ ನಿಂತಿತು, ಕೈಗಳು ವಾಸಿಯಾದವು, ಅವಳ ಹೆಸರಿನ ಪಟ ಬಂತು. ಬೆಳಗಿನ ಕೊಡವುವ ಕೆಲಸದ ಉಸ್ತುವಾರಿಯೂ ಅವಳಿಗೇ ಬಿತ್ತು. ಮೊಣಕೈವರೆಗಿನ ಗ್ಲೌಸ್ ಕೊಟ್ಟರೆ ಮಾತ್ರ ಎಂದಳು, ಕೊಟ್ಟರು. ನಿವೃತ್ತಿಯಾಗುವವರೆಗೆ ಒಂಬತ್ತು ವರ್ಷ ಆ ಕೆಲಸ ಮಾಡಿದಳು. ಒಂದೇ ಒಂದು ಜೇಡವನ್ನೂ ಬರಿಗೈಯಲ್ಲಿ ಮುಟ್ಟಲಿಲ್ಲ.

ಹೊಸ ಪಟ ಎಲ್ಲಿ ಹಾಕಲಿ ಎಂದು ಮಾಲೀಕರು ಕೇಳಿದಾಗ, “ನನ್ನ ಬೆನ್ನ ಹಿಂದೆ ಹಾಕಿ. ಅಷ್ಟು ಜೇಡ ಎದುರಿಗಿದ್ರೆ ನಾನು ಕೆಲಸ ಮಾಡೋದು ಬೇಡ್ವಾ?” ಎಂದಿದ್ದಳು.