ರಕ್ತದಲ್ಲಿ ಸಿಕ್ಕ ಯೀಸ್ಟ್

ಕೋವಿಡ್ ವಾರ್ಡುಗಳನ್ನು ಮುಚ್ಚಿದ ಮರುವರ್ಷ ನಾನು ರಾಜಾಜಿನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೈಕ್ರೋಬಯಾಲಜಿ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನಮ್ಮ ಲ್ಯಾಬ್ ನೆಲಮಾಳಿಗೆಯಲ್ಲಿತ್ತು. ಅಲ್ಲಿಗೆ ರೋಗಿಯ ರಕ್ತ, ಕಫ, ಕೀವು ಬರುತ್ತಿದ್ದವು, ರೋಗಿ ಬರುತ್ತಿರಲಿಲ್ಲ. ಯಾವ ಸೂಕ್ಷ್ಮಜೀವಿ ಬೆಳೆಯಿತು, ಅದಕ್ಕೆ ಯಾವ ಔಷಧಿ ನಾಟುತ್ತದೆ ಎಂದು ಬರೆದು ಕಳಿಸಿದರೆ ನಮ್ಮ ಕೆಲಸ ಮುಗಿಯಿತು ಎಂದು ಮೇಲಿನ ಮಹಡಿಯವರು ತಿಳಿದಿದ್ದರು. ನಾನು ಹಾಗೆ ತಿಳಿದಿರಲಿಲ್ಲ. ಅದಕ್ಕೇ ನನಗೆ ಜಗಳಗಂಟಿ ಎಂಬ ಹೆಸರೂ ಇತ್ತು.

ಮಂಜುಳಾ ಲಗ್ಗೆರೆಯವಳು, ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಹೊಟ್ಟೆನೋವನ್ನು ಗ್ಯಾಸ್ಟ್ರಿಕ್ ಎಂದುಕೊಂಡು, ಮೆಡಿಕಲ್ ಸ್ಟೋರಿನ ಮಾತ್ರೆ ನುಂಗುತ್ತಾ ಡ್ಯೂಟಿಗೆ ಹೋಗಿದ್ದಳು. ಅದು ಅಪೆಂಡಿಕ್ಸ್. ಒಡೆದು ಹೊಟ್ಟೆಯೆಲ್ಲ ಕೀವಾದ ಮೇಲೆ ನಮ್ಮಲ್ಲಿಗೆ ಬಂದಳು. ಆಪರೇಷನ್ ಆಯಿತು. ಐಸಿಯುನಲ್ಲಿ ಕತ್ತಿನ ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್ ಎಂಬ ಕೊಳವೆ ಹಾಕಿ, ಅದರ ಮೂಲಕ ಇದ್ದುದರಲ್ಲೇ ಬಲವಾದ ಆಂಟಿಬಯಾಟಿಕ್‌ಗಳನ್ನು ಕೊಟ್ಟರು. ಕೊಡಲೇಬೇಕಿತ್ತು. ಅವನ್ನು ಕೊಡದಿದ್ದರೆ ಆಕೆ ಆ ವಾರವೇ ಹೋಗಿಬಿಡುತ್ತಿದ್ದಳು.

ಆದರೆ ಬಲವಾದ ಆಂಟಿಬಯಾಟಿಕ್‌ಗೆ ಒಳ್ಳೆಯವರು ಕೆಟ್ಟವರು ಎಂಬ ಭೇದವಿಲ್ಲ. ನಮ್ಮ ಕರುಳಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಸಂಸಾರ ಹೂಡಿಕೊಂಡಿರುತ್ತವೆ. ಅವುಗಳ ನಡುವೆ ಒಂದಿಷ್ಟು ಫಂಗಸ್, ಅಂದರೆ ಶಿಲೀಂಧ್ರವೂ ಇರುತ್ತದೆ. ಯೀಸ್ಟ್ ಕೂಡ ಫಂಗಸ್ಸೇ. ಜಾಗ, ಊಟ ಎರಡನ್ನೂ ಬ್ಯಾಕ್ಟೀರಿಯಾಗಳೇ ಹಿಡಿದಿರುವುದರಿಂದ ಫಂಗಸ್ ಬಾಲ ಬಿಚ್ಚುವುದಿಲ್ಲ. ಆಂಟಿಬಯಾಟಿಕ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಫಂಗಸ್ಸನ್ನು ಮುಟ್ಟುವುದಿಲ್ಲ. ತುಂಬಿದ್ದ ಬಸ್ಸು ಖಾಲಿಯಾದಂತೆ, ನಿಂತಿದ್ದವರಿಗೆಲ್ಲ ಸೀಟು. ರೋಗಿಯ ಕರುಳಿನ ಗೋಡೆ ನಿತ್ರಾಣವಾಗಿದ್ದರೆ ಆ ಫಂಗಸ್ ರಕ್ತಕ್ಕೂ ಇಳಿಯಬಹುದು. ಇಳಿದರೆ ಬದುಕುವುದು ಕಷ್ಟ.

ಮಂಜುಳಾ ಚೇತರಿಸಿಕೊಳ್ಳುತ್ತಿದ್ದಳು. ಮಧ್ಯೆ ಭೇದಿ ಶುರುವಾಯಿತು, ಅದಕ್ಕೂ ಏನೋ ಕೊಟ್ಟರು. ಕೆಲವು ದಿನಗಳಲ್ಲಿ ಮತ್ತೆ ಚಳಿಜ್ವರ ಬಂದು ಬಿಪಿ ಕುಸಿಯಿತು. ಆಕೆಯ ರಕ್ತದಲ್ಲಿದ್ದುದನ್ನು ನಾವು ಬೆಳೆಸಿ ನೋಡಿದಾಗ ಸೂಕ್ಷ್ಮದರ್ಶಕದ ಕೆಳಗೆ ಯೀಸ್ಟ್ ಕಂಡಿತು. ಇಂಥ ರೋಗಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಕ್ಯಾಂಡಿಡಾ ಎಂಬ ಫಂಗಸ್. ಅದಕ್ಕೆ ಔಷಧಿ ಶುರುವಾಯಿತು. ಮರುದಿನ ಗುರುತು ಹಿಡಿಯುವ ಯಂತ್ರ ಬೇರೆ ಹೆಸರು ಹೇಳಿತು: ಸ್ಯಾಕರೋಮೈಸಿಸ್. ಬ್ರೆಡ್ಡು, ಬನ್ನು ಉಬ್ಬಿಸುವ ಯೀಸ್ಟ್.

ರಿಪೋರ್ಟ್ ಓದಿದ ಐಸಿಯು ಮುಖ್ಯಸ್ಥರು ನರ್ಸನ್ನು ಕೇಳಿದ ಮೊದಲ ಪ್ರಶ್ನೆ, ಈಕೆಯ ಗಂಡ ಏನು ಮಾಡ್ತಾನೆ ಎಂದು. ಲಗ್ಗೆರೆಯಲ್ಲಿ ಬೇಕರಿ ಇಟ್ಟಿದ್ದಾನೆ ಎಂದಳು. ಅಲ್ಲಿಗೆ ವಿಚಾರಣೆ ಮುಗಿಯಿತು. ಗಂಡ ಶಿವಣ್ಣನನ್ನು ಒಳಗೆ ಬಿಡಬೇಡಿ ಎಂದು ಬಾಗಿಲ ಸೆಕ್ಯುರಿಟಿಗೆ ಹೇಳಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದರಲ್ಲಿ ನಾವು ವೈದ್ಯರು ಯಾರಿಗೂ ಕಡಿಮೆಯಿಲ್ಲ.

ಇದೆಲ್ಲ ನನಗೆ ತಿಳಿದದ್ದು ಎರಡು ದಿನದ ಮೇಲೆ, ಶಿವಣ್ಣನೇ ಲ್ಯಾಬ್ ಬಾಗಿಲಿಗೆ ಬಂದಾಗ. ಮೊಣಕೈವರೆಗೆ ಉಜ್ಜಿ ತೊಳೆದು ಕೈಯ ಚರ್ಮ ಕೆಂಪಾಗಿತ್ತು.

"ರಕ್ತ ನೋಡೋರು ನೀವೇನಾ ಮೇಡಂ? ನನ್ ಕೈಯಿಂದಾನೇ ಅವಳಿಗೆ ಹಿಂಗಾಗಿದೆ ಅಂತಾವ್ರೆ. ನಾನು ಕಾಲ್ ಹತ್ರ ನಿಂತ್ಕೊಂಡು ಮಾತಾಡಿಸ್ತಿದ್ದೆ, ಅಷ್ಟೇ. ಹಿಟ್ಟು ಉಸಿರಲ್ಲೂ ಹೋಗುತ್ತಾ ಮೇಡಂ?"

ಅವನ ಹಿಂದೆ ಮೆಟ್ಟಿಲ ಮೇಲೆ ಮಂಜುಳಾಳ ತಾಯಿ ಕೂತಿದ್ದರು, ಕೆಂಗೇರಿ ಕಡೆಯವರು. "ಹಿಟ್ ಕಲಸೋ ಕೈಲಿ ನನ್ ಮಗಳನ್ನ ಮುಟ್ಟಿ ಮುಟ್ಟಿ ಈ ಗತಿಗ್ ತಂದ" ಎಂದು ಅವನಿಗೆ ಕೇಳಿಸುವಂತೆಯೇ ಹೇಳಿದರು. ಅವನು ತಲೆಯೆತ್ತಲಿಲ್ಲ. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಆಗ ಗೊತ್ತಿರಲಿಲ್ಲ. ಬೇಕರಿಯವರ ಮನೆಯ ಹೆಂಗಸರ ರಕ್ತದಲ್ಲೆಲ್ಲ ಯೀಸ್ಟ್ ಬೆಳೆಯುವುದಾದರೆ ಈ ಊರಿನಲ್ಲಿ ಒಂದು ಬೇಕರಿಯೂ ಉಳಿಯುತ್ತಿರಲಿಲ್ಲ.

ನಾನು ನೇರ ಐಸಿಯುಗೆ ಹೋದೆ. ಮಂಜುಳಾ ಎಚ್ಚರವಾಗಿದ್ದಳು. ಜ್ವರದಲ್ಲೂ ಕಣ್ಣು ಬಾಗಿಲ ಕಡೆಯೇ ಇತ್ತು. "ಇವ್ರು ಯಾಕ್ ಬರ್ತಿಲ್ಲ?" ಎಂದಳು. ಅಷ್ಟರಲ್ಲಿ ನರ್ಸ್ ಜ್ಯೋತಿ ಔಷಧಿಯ ತಟ್ಟೆ ತಂದಳು. ಒಂದು ಸಣ್ಣ ಪೊಟ್ಟಣ ಹರಿದು, ನೀರಿನಲ್ಲಿ ಕದಡಿ, ಮೂಗಿನಿಂದ ಹೊಟ್ಟೆಗೆ ಇಳಿಸಿದ್ದ ಟ್ಯೂಬಿಗೆ ಹಾಕಿದಳು. ಹರಿದಾಗ ಬಿಳಿ ಪುಡಿ ಹೊಗೆಯ ಹಾಗೆ ಎದ್ದು ದಿಂಬಿನ ಮೇಲೆ, ಅವಳ ಗ್ಲೌಸಿನ ಮೇಲೆ ಕೂತಿತು. ಅದೇ ಗ್ಲೌಸಿನಲ್ಲಿ ಕತ್ತಿನ ಲೈನಿನ ಮುಚ್ಚಳಕ್ಕೆ ಕೈ ಹಾಕಿದಳು.

"ನಿಲ್ಲಿಸು. ಏನದು ಪೊಟ್ಟಣ?"

"ಪ್ರೋಬಯಾಟಿಕ್ ಮೇಡಂ. ಲೂಸ್ ಮೋಷನ್‌ಗೆ ಡಾಕ್ಟರ್ ಬರೆದಿದ್ದು. ಹೊಟ್ಟೆಗೆ ಒಳ್ಳೇದಲ್ವಾ?"

ಖಾಲಿ ಪೊಟ್ಟಣ ತಿರುಗಿಸಿ ನೋಡಿದೆ. ಸಣ್ಣ ಅಕ್ಷರದಲ್ಲಿತ್ತು: ಸ್ಯಾಕರೋಮೈಸಿಸ್. ಜಾತಿ ಬ್ರೆಡ್ಡಿನದೇ, ತಳಿ ಬೇರೆ. ನಮ್ಮ ಯಂತ್ರಕ್ಕೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾ ಸತ್ತು ಭೇದಿಯಾದಾಗ ಕೊಡುವ 'ಒಳ್ಳೆಯ' ಯೀಸ್ಟ್ ಇದು. ಗಟ್ಟಿ ಜನಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ. ಕತ್ತಿನಲ್ಲಿ ಲೈನ್ ಇಟ್ಟುಕೊಂಡು, ಕಾವಲಿಲ್ಲದ ಕರುಳು ಹೊತ್ತು ಮಲಗಿದವಳಿಗೆ ಇದು ವಿಷವಾಗಬಹುದು. ಪುಡಿ ಕೈಯಿಂದ ಲೈನಿಗೆ ಹೋಯಿತೋ, ಕರುಳಿನಿಂದ ರಕ್ತಕ್ಕೆ ಇಳಿಯಿತೋ, ಇವತ್ತಿಗೂ ನಾನು ಆಣೆಯಿಟ್ಟು ಹೇಳಲಾರೆ. ಗಂಡನನ್ನು ಹೊರಗೆ ನಿಲ್ಲಿಸಿ ನಾವು ಪೊಟ್ಟಣವನ್ನು ಒಳಗೆ ಬಿಟ್ಟುಕೊಳ್ಳುತ್ತಿದ್ದೆವು.

ಅವತ್ತೇ ಪೊಟ್ಟಣ ನಿಲ್ಲಿಸಿ, ಲೈನ್ ತೆಗೆದು, ಈ ಯೀಸ್ಟಿಗೆ ನಾಟುವ ಇನ್ನೊಂದು ಔಷಧಿ ಹಾಕಿದರು. ಐಸಿಯು ಮುಖ್ಯಸ್ಥರು ನನ್ನನ್ನು ಪಕ್ಕಕ್ಕೆ ಕರೆದು, "ಮನೆಯವರಿಗೆ ಇನ್‌ಫೆಕ್ಷನ್ ಅಂದ್ರೆ ಸಾಕು ಮೇಡಂ. ಎಲ್ಲಿಂದ ಅಂತ ಯಾಕೆ?" ಎಂದರು. ನಾನು, "ಎಲ್ಲಿಂದ ಅಂತ ಅವರಿಗೆ ಆಗಲೇ ಹೇಳಿದೀರಲ್ಲ ಸಾರ್. ಅದನ್ನ ತಿದ್ದಬೇಕು" ಎಂದೆ.

ತಿದ್ದಲು ಪುರಾವೆ ಬೇಕಿತ್ತು. ಬೇಕರಿಯ ಯೀಸ್ಟ್ ಒಂದು ಚೂರು ತಂದುಕೊಡು ಎಂದು ಶಿವಣ್ಣನಿಗೆ ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು. ಆದರೂ ತಂದ, ಸ್ಟೀಲ್ ಡಬ್ಬಿಯಲ್ಲಿ.

"ಇದನ್ನ ಪೊಲೀಸ್ನೋರಿಗೆ ಕೊಡ್ತೀರಾ ಮೇಡಂ?"

"ಇಲ್ಲಪ್ಪ. ನಿನಗೋಸ್ಕರಾನೇ ಕೇಳ್ದೆ."

ರಕ್ತದ ಯೀಸ್ಟ್, ಪೊಟ್ಟಣದ ಯೀಸ್ಟ್, ಡಬ್ಬಿಯ ಯೀಸ್ಟ್ ಮೂರನ್ನೂ ತಳಿ ಪರೀಕ್ಷೆಗೆ ಹೊರಗಿನ ಲ್ಯಾಬಿಗೆ ಕಳಿಸಿದೆ. ಅಷ್ಟರಲ್ಲಿ ಮಂಜುಳಾಳ ಉಸಿರಾಟ ಕೆಟ್ಟು ವೆಂಟಿಲೇಟರ್ ಹಾಕಬೇಕಾಯಿತು. ಶಿವಣ್ಣನನ್ನು ಒಳಗೆ ಬಿಡುವ ಹೊತ್ತಿಗೆ ಅವಳಿಗೆ ಎಚ್ಚರವಿರಲಿಲ್ಲ. ಮಂಚದ ಕಾಲಿನ ಹತ್ತಿರ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಮುಟ್ಟಬಹುದು ಎಂದರೂ ಮುಟ್ಟಲಿಲ್ಲ. ಅದನ್ನು ನೋಡಿ ನನಗೆ ಅಳು ಬಂತು.

ಅವಳು ಉಳಿದಳು. ನಿಧಾನವಾಗಿ ಜ್ವರ ಇಳಿಯಿತು, ವೆಂಟಿಲೇಟರ್ ತೆಗೆದರು. ತಳಿ ಪರೀಕ್ಷೆಯ ಫಲಿತಾಂಶ ಬರುವಾಗ ವಾರ್ಡಿನಲ್ಲಿ ಗಂಜಿ ಕುಡಿಯುತ್ತಿದ್ದಳು. ರಕ್ತದಲ್ಲಿದ್ದುದು ಪೊಟ್ಟಣದ ಯೀಸ್ಟ್. ಡಬ್ಬಿಯದಲ್ಲ.

ಶಿವಣ್ಣನಿಗೆ ಹೇಳಿದಾಗ ಅವನು ಖುಷಿಪಡಲಿಲ್ಲ. "ಇದನ್ನ ನಮ್ಮತ್ತೆಗೆ ಒಂದ್ಸಲ ಹೇಳ್ತೀರಾ ಮೇಡಂ?" ಎಂದ. ಹೇಳಿದೆ, ಅವನ ಎದುರೇ. ಆಸ್ಪತ್ರೆ ಕೊಟ್ಟ ಔಷಧಿಯಿಂದಲೇ ಆದದ್ದು, ನಿಮ್ಮ ಅಳಿಯನಿಂದಲ್ಲ ಎಂದೆ. ಆ ತಾಯಿ ನನ್ನನ್ನೂ ಅವನನ್ನೂ ನೋಡಿ, "ಊಟ ಮಾಡ್ದೇನಪ್ಪಾ?" ಎಂದು ಅವನನ್ನು ಕೇಳಿದರು. ಅವರಿಂದ ಬಂದ ಕ್ಷಮೆ ಅಷ್ಟೇ. ಹೀಗೆ ಬಾಯಿಬಿಟ್ಟದ್ದಕ್ಕೆ ಆಡಳಿತದವರಿಂದ ನನಗೊಂದು ನೋಟಿಸ್ ಬಂತು. ಐಸಿಯು ಮಂಚದ ಪಕ್ಕ ಆ ಪೊಟ್ಟಣ ಹರಿಯುವುದೂ ನಿಂತಿತು.

ನಿವೃತ್ತಿಯಾದ ಮೇಲೆ ಒಂದು ದಿನ ಲಗ್ಗೆರೆಗೆ ಹೋಗಿದ್ದಾಗ ಆ ಬೇಕರಿ ಹುಡುಕಿಕೊಂಡು ಹೋದೆ. ಗಲ್ಲೆಯಲ್ಲಿ ಮಂಜುಳಾ ಕೂತಿದ್ದಳು, ಮೈ ತುಂಬಿಕೊಂಡಿದ್ದಳು. ಒಳಗೆ ಶಿವಣ್ಣ ಹಿಟ್ಟು ಕಲಸುತ್ತಿದ್ದ, ಮೊಣಕೈವರೆಗೆ ಗ್ಲೌಸ್ ಹಾಕಿಕೊಂಡು. ನನಗೆ ದಿಲ್‌ಪಸಂದ್ ಕೊಟ್ಟ ಮಂಜುಳಾ ದನಿ ತಗ್ಗಿಸಿ ಹೇಳಿದಳು: "ಈಗ್ಲೂ ಸ್ನಾನ ಮಾಡ್ದೆ ನನ್ ಹತ್ರ ಬರಲ್ಲ ಮೇಡಂ. ರಾತ್ರಿ ನಂಗೆ ಕೆಮ್ಮು ಬಂದ್ರೂ ಎದ್ದೋಗಿ ಕೈ ತೊಳ್ಕೊಂಡ್ ಬರ್ತಾರೆ. ನೀವಾದ್ರೂ ಹೇಳಿ."

ಅವನಿಗೆ ಕೇಳಿಸಿತ್ತು. "ಹೇಳವ್ರೆ ಕಣೇ. ನಂಗೂ ಗೊತ್ತು" ಎಂದ. ಕಲಸುವುದನ್ನು ನಿಲ್ಲಿಸಲಿಲ್ಲ.

ಯೀಸ್ಟಿಗೆ ನಮ್ಮಲ್ಲಿ ಔಷಧಿಯಿತ್ತು. ಐಸಿಯು ಬಾಗಿಲಲ್ಲಿ ನಾವು ಅವನ ಕೈಗೆ ಅಂಟಿಸಿ ಕಳಿಸಿದ ಅನುಮಾನಕ್ಕೆ ನಾನು ಇಷ್ಟು ವರ್ಷ ಕಲಿತ ಯಾವ ವಿದ್ಯೆಯೂ ನಾಟಲಿಲ್ಲ. ಕಾರಣ ಗೊತ್ತಾಗುವ ಮೊದಲು ಯಾರ ಕಡೆಗೂ ಬೆರಳು ತೋರಿಸಬಾರದು ಎಂದು ಹೊಸ ಡಾಕ್ಟರುಗಳಿಗೆ ಪಾಠ ಹೇಳುವಾಗ ನಾನು ಸೂಕ್ಷ್ಮದರ್ಶಕದ ಚಿತ್ರ ತೋರಿಸುವುದಿಲ್ಲ. ಶಿವಣ್ಣನ ಆ ಗ್ಲೌಸಿನ ವಿಷಯ ಹೇಳುತ್ತೇನೆ.