ಬೆಳ್ಳಿಯ ಕೆಳಗಿನ ಕಪ್ಪು

ಹೋದ ವಾರ ನಮ್ಮ ಮನೆಯ ಪೇಂಟರಿಗೆ ನಾನೇ ಎರಡು ದಿನ ರಜೆ ಕೊಟ್ಟು ಕಳಿಸಿದೆ. ಕಾರಣ? ಒಂದು ಗೇಣುದ್ದದ ವಿಮಾನ. ಮಗ ಇನ್ನೂ ಮುಖ ಊದಿಸಿಕೊಂಡಿದ್ದಾನೆ. ಊದಿಸಿಕೊಳ್ಳಲಿ.

ಬಿಟಿಎಂ ಲೇಔಟಿನಲ್ಲಿರುವ ನಮ್ಮ ಮನೆಯ ಮಹಡಿಯಲ್ಲಿ ಶೋಭಾ ಬಾಡಿಗೆಗಿದ್ದಾಳೆ. ಬಾಗಲಕೋಟೆ ಕಡೆಯವಳು. ಹಗಲು ಆಫೀಸು, ಸಂಜೆ ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಪುಟಾಣಿ ವಿಮಾನ ಮಾಡುವುದು. (ಆಟಕ್ಕಲ್ಲ. ಮುಟ್ಟಿದರೆ ಬೈಯುತ್ತಾಳೆ.) ಬಣ್ಣಕ್ಕೆ ಬೆರೆಸುವ ಅವಳ ಥಿನ್ನರ್ ವಾಸನೆಗೆ ತಲೆ ಸಿಡಿದು, ನಾಲ್ಕು ಮಾತು ಆಡಿಯೇ ಬರೋಣ ಎಂದು ಗುರುವಾರ ಮೆಟ್ಟಿಲು ಹತ್ತಿದೆ.

ಮೇಜಿನ ಮೇಲೆ ವಿಮಾನ. ಕರ್ರಗೆ, ಕಾಡಿಗೆಯಂತೆ.

"ಬೆಳ್ಳಿ ವಿಮಾನ ಅಂದಿದ್ಯಲ್ಲೇ? ಇದೇನೇ, ಬಾಣಲೆ ತಳ ಇದ್ದಂಗಿದೆ!"

"ಮೊದಲ ಕರೀದು ಹೊಳೀಬೇಕ್ರೀ ಅಜ್ಜಿ. ಆಮ್ಯಾಲೆ ಅದರ ಮ್ಯಾಲೆ ಬೆಳ್ಳಿ. ನೋಡ್ರಿ, ನಿಮ್ಮ ಮುಖ ಕಾಣ್ತದ."

ಬಗ್ಗಿದೆ. ಕಂಡಿತು. ಸುಕ್ಕು ಸಮೇತ.

ಜೊತೆಗೆ ರೆಕ್ಕೆಯ ಮೇಲೊಂದು ಧೂಳಿನ ಕಣವೂ ಕಂಡಿತು. ಪಕ್ಕದ ಖಾಲಿ ಪೋರ್ಷನ್ನಿನಲ್ಲಿ ನಮ್ಮ ಪೇಂಟರ್ ಗೋಡೆ ಉಜ್ಜುತ್ತಿದ್ದನಲ್ಲ, ಅದರದೇ.

"ಬಿಡೇ, ಬೆಳ್ಳಿ ಹೊಡೆದ್ರೆ ಮುಚ್ಚೋಗುತ್ತೆ."

"ಬೆಳ್ಳಿ ಮುಚ್ಚೂದಿಲ್ರೀ, ತೋರಸ್ತದ. ಸಾಸಿವಿಯಷ್ಟಿದ್ದದ್ದು ಗುಡ್ಡ ಆಗ್ತದ."

ಹೇಳುತ್ತಲೇ ಉಪ್ಪುಕಾಗದವನ್ನು ನೀರಲ್ಲಿ ಅದ್ದಿ ರೆಕ್ಕೆಯನ್ನು ಉಜ್ಜಿಯೇಬಿಟ್ಟಳು. ಅಷ್ಟೂ ಸಂಜೆಗಳ ಹೊಳಪು ಹೋಯಿತು!

ಭಾನುವಾರ ಜಯನಗರದಲ್ಲಿ ಇಂಥ ಪುಟಾಣಿ ವಿಮಾನಗಳ ಪ್ರದರ್ಶನ. ಹೋದ ವರ್ಷ ಅವಳ ವಿಮಾನ ನೋಡಿದವರು "ನಿಮ್ಮೆಜಮಾನ್ರು ಮಾಡಿದ್ದಾ?" ಎಂದು ಕೇಳಿದ್ದರಂತೆ. (ಅವಳಿಗೆ ಮದುವೆಯೇ ಆಗಿಲ್ಲ.) ಈ ಸಲ ಹೋಗಿ ನಿಲ್ಲಲೇಬೇಕು ಅವಳಿಗೆ. ಪಕ್ಕದಲ್ಲಿ ಹೀಗೆ ಧೂಳು ಏಳುತ್ತಿದ್ದರೆ ಹೋಗುವುದೆಲ್ಲಿಂದ?

ವಾಸನೆಗೆ ಬೈಯಲು ಮೆಟ್ಟಿಲು ಹತ್ತಿದವಳು ನೇರ ಪೇಂಟರ್ ಹತ್ತಿರ ಹೋಗಿ, "ಸೋಮವಾರ ಬಾರಪ್ಪ" ಎಂದೆ.

ಮಗ ಕೂಗಾಡಿದ. "ಅಮ್ಮಾ, ಮುಂದಿನ ವಾರ ಬಾಡಿಗೆಯವ್ರು ಬರ್ತಾರೆ! ಆಟದ ಸಾಮಾನಿಗೆ ಯಾರಾದ್ರೂ ಕೆಲಸ ನಿಲ್ಲಿಸ್ತಾರಾ?"

"ಅವಳೂ ಬಾಡಿಗೆಯವಳೇ ಕಣೋ."

ಶುಕ್ರವಾರವಿಡೀ ಹೊಸ ಕಪ್ಪು ಒಣಗಿತು. ಶನಿವಾರ ಫ್ಯಾನ್ ಆಫ್, ಧೂಳೇಳದಂತೆ ನೆಲವೆಲ್ಲ ಒದ್ದೆ, ಮೂಗಿಗೆ ಮಾಸ್ಕು. ಪೆನ್ನಿನಷ್ಟು ಸಣ್ಣ ಸ್ಪ್ರೇ ಗನ್ನಿನಲ್ಲಿ, ಬಿತ್ತೋ ಇಲ್ಲವೋ ಎನ್ನುವಷ್ಟು ತೆಳ್ಳಗೆ ಒಂದು ಸಲ ಬೆಳ್ಳಿ ಬಣ್ಣ. ನಿಲ್ಲಿಸಿದಳು, ಕಾದಳು. ಮತ್ತೊಂದು ಸಲ. ಕಪ್ಪು ಬೂದಿಯಾಯಿತು, ಬೂದಿ ಸ್ಟೀಲಾಯಿತು, ಆಮೇಲೆ ಕನ್ನಡಿ! ನನಗೇ ತಿಳಿಯದೆ ಸೆರಗು ಹಿಡಿದು ಒರೆಸಲು ಹೋದೆ.

"ಮುಟ್ಟಬ್ಯಾಡ್ರೀ!" ಕಿರುಚಿದಳು.

ನನ್ನದೇನು ತಪ್ಪು? ಹಿತ್ತಾಳೆ, ತಾಮ್ರ ಅಂತ ಆಯುಷ್ಯವಿಡೀ ಉಜ್ಜಿ ಉಜ್ಜಿ ಹೊಳಪು ತಂದವಳು ನಾನು. ಕೈ ತಾಗಿಸದೆ ತರುವ ಹೊಳಪು ಕಂಡದ್ದು ಇದೇ ಮೊದಲು.

ಭಾನುವಾರ ಅವಳ ಜೊತೆ ನಾನೂ ಆಟೋ ಹತ್ತಿದೆ. ಅಲ್ಲಿ ಒಬ್ಬ ಹಿರಿಯರು ಕನ್ನಡಕ ಏರಿಸಿ ನೋಡಿ, "ತಗಡಿಂದ ಮಾಡಿದ್ದಾ ಮೇಡಂ? ಹೇಗೆ ಮಾಡಿದ್ರಿ?" ಎಂದರು.

"ಪ್ಲಾಸ್ಟಿಕ್ ರೀ ಸರ" ಎಂದು ಶುರು ಮಾಡಿದವಳು ಅರ್ಧ ಗಂಟೆ ನಿಲ್ಲಿಸಲಿಲ್ಲ. ಬಹುಮಾನ ಬರಲಿಲ್ಲ. ಯಜಮಾನರ ವಿಷಯ ಯಾರೂ ಎತ್ತಲೂ ಇಲ್ಲ.

ಸೋಮವಾರ ಪೇಂಟರ್ ಬಂದ. ಖಾಲಿ ಪೋರ್ಷನ್ನಿನ ನಡುಮನೆ ಗೋಡೆಯಲ್ಲಿ ನೀರು ಜಿನುಗಿದ ಕಲೆ. ಅದರ ಮೇಲೇ ಬಣ್ಣ ಬಳಿಯುತ್ತಿದ್ದ. "ಒಂದು ಕೋಟ್ ಬಿದ್ರೆ ಏನೂ ಕಾಣಲ್ಲ ಅಜ್ಜಿ" ಎಂದ. ಪಕ್ಕದಲ್ಲಿ ನಿಂತ ಮಗ ತಲೆಯಾಡಿಸಿದ.

ಬಾಡಿಗೆ ಮನೆಗಳಿಗೆಲ್ಲ ಬೆಳ್ಳಿ ಬಣ್ಣವನ್ನೇ ಬಳಿಸಬೇಕು ಅಂತ ಕಾನೂನು ಬಂದರೆ, ನಮ್ಮಂಥ ಓನರ್‌ಗಳ ಗತಿ ಏನು?