ಬಳೆಯ ಹುಲ್ಲಿನಲ್ಲಿ ಬಂದ ನಾಲ್ಕಾಣೆಗಳು

ಕಳೆದ ವಾರ ಕಪಾಟಿನ ಮೇಲ್ಸಾಲನ್ನು ಒರೆಸುವಾಗ ಹಾಲಿನ ಪುಡಿಯ ಹಳೆಯ ಡಬ್ಬಿಯೊಂದು ಸಿಕ್ಕಿತು. ನಾಣ್ಯ ಹಾಕಲು ಮುಚ್ಚಳದಲ್ಲಿ ಕೊರೆದ ಸೀಳು ಹಾಗೆಯೇ ಇತ್ತು. ತೆರೆದೊಡನೆ ಒಣಹುಲ್ಲಿನ ಸಣ್ಣ ವಾಸನೆ... ತಳದಲ್ಲಿ ಹಸಿರು ಗಾಜಿನ ಒಂದು ಚೂರು. ಗದಗಿನ ಬೆಟಗೇರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಬಳೆ ಚಾಚಾ ನೆನಪಾದರು.

ಅದು 2011. ನೆನಪನ್ನಷ್ಟೇ ನಂಬುವ ಅಭ್ಯಾಸ ನನಗಿಲ್ಲವಾದ್ದರಿಂದ ಅಂದಿನ ಪತ್ರಿಕೆಗಳೊಡನೆ ತಾಳೆ ನೋಡಿದ್ದೇನೆ: ಇಪ್ಪತ್ತೈದು ಪೈಸೆಯ ನಾಣ್ಯಗಳನ್ನು ಬ್ಯಾಂಕುಗಳು ಬದಲಿಸಿಕೊಟ್ಟ ಕೊನೆಯ ದಿನ ಜೂನ್ 29, ಬುಧವಾರ. ಆಮೇಲೆ ಅವು ಬರಿಯ ಲೋಹ. ಕಿವಿ ಕೇಳದ ಮಕ್ಕಳಿಗೆ ಶ್ರವಣಯಂತ್ರ ಕೊಡಿಸಲೆಂದು ನಾವು ಕೆಲವರು ಗದಗ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯ ಶಾಲೆಗಳಲ್ಲಿ ಇಂಥ ಡಬ್ಬಿಗಳನ್ನು ಇಟ್ಟಿದ್ದೆವು. ಅಂಗಡಿಯವರು ಮುಟ್ಟದ ನಾಲ್ಕಾಣೆಗಳನ್ನು ಮನೆಯ ಹಿರಿಯರು ಮಕ್ಕಳ ಕೈಗಿತ್ತು ಕಳಿಸಿದರು. ಅಷ್ಟೊಂದು ಚಿಲ್ಲರೆಯನ್ನು ತೆಗೆದುಕೊಳ್ಳಲು ಗದಗಿನ ಒಂದು ಬ್ಯಾಂಕು ಮಾತ್ರ ಒಪ್ಪಿತ್ತು. ಅಲ್ಲಿಗೆ ತರುವುದು ಹೇಗೆ? ಗೋಣಿಚೀಲದ ಹೊಲಿಗೆ ಬಿಚ್ಚುತ್ತಿತ್ತು. ಬಸ್ಸಿನವರು ಭಾರ ನೋಡಿ ಕೈಮುಗಿಯುತ್ತಿದ್ದರು.

ಚಾಚಾ ತಮ್ಮ ಟೆಂಪೊದಲ್ಲಿ ಸಂತೆಯಿಂದ ಸಂತೆಗೆ ಬಳೆ ಒಯ್ಯುತ್ತಿದ್ದರು. "ಹೆಂಗೂ ಗಾಡಿ ಬರತೈತಲ್ರಿ ಸರ, ಡಬ್ಬಿ ಹಾಕ್ಕೊಂಡ ಬರ್ತೀನಿ" ಎಂದರು.

ಮೊದಲು ಮುಂಡರಗಿಯ ಡಬ್ಬಿಗಳನ್ನು ತಂದರು. ಒಡೆಯುವ ಸರಕು ಬೀಳಬಾರದೆಂದು ಅದನ್ನು ತಳಕ್ಕೆ ಹಾಕಿ ಉಳಿದುದನ್ನು ಮೇಲಿಡುವುದು ಅವರಿಗೆ ಬಹುಕಾಲದ ರೂಢಿ. ಅಂದೂ ಹಾಗೆಯೇ ಇಟ್ಟರು. ರಸ್ತೆಯ ತಗ್ಗೊಂದರಲ್ಲಿ ಗಾಡಿ ಕುಲುಕಿತು, ಡಬ್ಬಿಗಳ ಭಾರಕ್ಕೆ ಕೆಳಗಿನ ಬಳೆಗಳೆಲ್ಲ ಪುಡಿಯಾದವು. ಮುಚ್ಚಳ ಕಳಚಿದ ಡಬ್ಬಿಗಳಲ್ಲಿ ನಾಣ್ಯದೊಡನೆ ಗಾಜಿನ ಚೂರು, ಬಳೆಗೆ ಸುತ್ತಿದ್ದ ಹುಲ್ಲು ಬೆರೆತಿದ್ದವು.

"ನೋಡ್ರಿ ಸರ, ಹೆಣ್ಣಮಕ್ಕಳ ಕೈಗೆ ಹಾಕೂದು ಬಿಟ್ಟು ರಸ್ತೇಕ ಬಳಿ ತೊಡಿಸಿ ಬಂದಾರ" ಎಂದು ಚಾಚಿ ನನ್ನೆದುರಿಗೇ ಗಂಡನನ್ನು ಚುಚ್ಚಿದರು. ಚಾಚಾ ನಕ್ಕರು. ನಷ್ಟ ಭರಿಸುತ್ತೇನೆಂದ ನನ್ನ ಮಾತನ್ನು ಅವರು ಮುಗಿಸಲೂ ಬಿಡಲಿಲ್ಲ.

ಶಿರಹಟ್ಟಿ, ಲಕ್ಷ್ಮೇಶ್ವರಗಳ ಮಕ್ಕಳು ಕೊನೆಯವರೆಗೂ ನಾಣ್ಯ ತರುತ್ತಲೇ ಇದ್ದರು. ಚಾಚಾಗೆ ಮತ್ತೆ ತೊಂದರೆ ಬೇಡವೆಂದು ನಾನು ಗೊತ್ತುಮಾಡಿದ್ದ, 29ರ ಬೆಳಿಗ್ಗೆ ಅಲ್ಲಿಗೆ ಹೋಗಬೇಕಿದ್ದ ಬಾಡಿಗೆ ಗಾಡಿಯವನು ಫೋನನ್ನೇ ಎತ್ತಲಿಲ್ಲ. ಸಂಜೆಯೊಳಗೆ ಬ್ಯಾಂಕು ಮುಟ್ಟದಿದ್ದರೆ ಆ ಎರಡೂ ಊರಿನ ನಾಲ್ಕಾಣೆಗಳು ವ್ಯರ್ಥ. ಯಂತ್ರಕ್ಕಾಗಿ ಕಾದಿದ್ದ ಮಕ್ಕಳಲ್ಲಿ ಕೆಲವರಿಗೆ ಇಲ್ಲವೆನ್ನಬೇಕಿತ್ತು. ಚಾಚಾ ಬೇರೊಂದು ಊರಿನ ಸಂತೆಗೆಂದು ಬಳೆ ಹೇರಿಕೊಂಡು ಹೊರಟು ನಿಂತಿದ್ದರು. ಒಮ್ಮೆ ನಷ್ಟ ಉಂಡವರನ್ನು ಮತ್ತೆ ಕೇಳುವುದು ಹೇಗೆ... ನಾನು ಅವರ ಬಾಗಿಲಿಗೆ ಹೋಗಿ ನಿಂತೆ. ಅವರು ನನ್ನ ಮುಖ ನೋಡಿ, ವಿಷಯ ಕೇಳಿ, ಬಳೆಯ ಪೆಟ್ಟಿಗೆಗಳನ್ನು ಒಂದೊಂದಾಗಿ ಕೆಳಗಿಳಿಸತೊಡಗಿದರು.

"ಸಂತಿ?" ಎಂದೆ.

"ಸಂತಿ ಮುಂದಿನ ವಾರನೂ ಬರತೈತ್ರಿ. ನಿಮ್ಮ ನಾಕಾಣೆ ಬರೂದಿಲ್ಲ. ಹತ್ರಿ ಜಲ್ದಿ."

"ಈ ಸಲನರ ಹುಲ್ಲು ಸರಿಯಾಗಿ ಹಾಕ್ರಿ" ಎಂದು ಚಾಚಿ ಒಳಗಿನಿಂದ ಹುಲ್ಲಿನ ಹೊರೆ ತಂದುಕೊಟ್ಟರು.

ಚಾಚಾ ಪ್ರತಿ ಡಬ್ಬಿಗೂ ಬಳೆಗೆ ಸುತ್ತುವಂತೆಯೇ ಹುಲ್ಲು ಸುತ್ತಿ, ಅಲುಗದಂತೆ ಒತ್ತೊತ್ತಾಗಿ ಜೋಡಿಸಿದರು. ನಾವು ಮುಟ್ಟಿದಾಗ ಬ್ಯಾಂಕಿನ ಕಬ್ಬಿಣದ ಬಾಗಿಲು ಅರ್ಧ ಇಳಿದಿತ್ತು. ಒಳಗಿದ್ದವರು ನಮ್ಮನ್ನು ನೋಡಿ ಅದನ್ನು ಮತ್ತೆ ಮೇಲೆತ್ತಿದರು. ಶಿಕ್ಷಕರೂ ಮಕ್ಕಳೂ ಶಾಲೆಗಳಲ್ಲೇ ನಾಲ್ಕಾಣೆಗಳನ್ನು ಎಣಿಸಿ ಬೇರೆ ಮಾಡಿಟ್ಟಿದ್ದರಿಂದ ಒಂದು ನಾಣ್ಯವೂ ಹಿಂತಿರುಗಲಿಲ್ಲ.

ಯಂತ್ರಗಳು ಬಂದ ದಿನ ಚಾಚಾರನ್ನೂ ಕರೆದೊಯ್ದೆ. ಯಂತ್ರ ತೊಡಿಸಿಕೊಂಡು ಕುಳಿತಿದ್ದ ಪುಟ್ಟ ಹುಡುಗಿಯೊಬ್ಬಳ ಬೆನ್ನ ಹಿಂದೆ ನಿಂತು ಅವರು ಜೇಬಿನಿಂದ ಹಸಿರು ಬಳೆಗಳನ್ನು ತೆಗೆದು ಮೆಲ್ಲಗೆ ಅಲುಗಾಡಿಸಿದರು. ಹುಡುಗಿ ತಿರುಗಿ ನೋಡಿದಳು. ಅವರು ಮತ್ತೆ ಅಲುಗಾಡಿಸಿದರು. ಅವಳು ಕೈ ಚಾಚಿದಳು. ಆ ಬಳೆಗಳನ್ನು ಅವಳಿಗೆ ತೊಡಿಸಿ ಹೊರಬಂದರು. ಗಾಡಿ ಹತ್ತುತ್ತ, "ಖಾಯಂ ಗಿರಾಕಿ ಸಿಕ್ಕಳ್ರಿ ಸರ" ಎಂದರು.

ಚಾಚಾ ಈಗಿಲ್ಲ. ಅವರು ತೀರಿಕೊಂಡಾಗ ನಾನು ಊರಲ್ಲಿರಲಿಲ್ಲ. ಇಷ್ಟೆಲ್ಲ ತಾರೀಖುಗಳನ್ನು ಹುಡುಕಿ ತೆಗೆಯುವ ನಾನು ಅದೊಂದನ್ನು ಮಾತ್ರ ಹುಡುಕಲು ಹೋಗಿಲ್ಲ. ಅವರ ಮನೆಯಲ್ಲಿ ಬೇರೆಯವರಿದ್ದಾರೆ. ನನ್ನ ಕಿವಿಗೂ ಈಗ ಅಂಥದೇ ಯಂತ್ರ ಬಂದಿದೆ. ಚೂರನ್ನು ಮತ್ತೆ ಡಬ್ಬಿಗೆ ಹಾಕಿ, ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಾಡಿಸಿದೆ.

ಕೇಳಿಸಿತು, ಚಾಚಾ.